ಹುಲ್ಲು ಕಚ್ಚಿದವನು

ಹೊಳೆಯ ದಂಡೆಯ ಕಲ್ಲುಮಂಟಪದಲ್ಲಿ ಬಾಚಯ್ಯ ಎಂಬ ಮುದುಕನಿದ್ದ. ಒಂದು ಕಾಲಕ್ಕೆ ದೊಡ್ಡ ರಾವುತ. ಕುದುರೆ ಮೇಲೆ ಕೂತು ಕಾದಾಡುವುದನ್ನು ನಾಡಿನ ಅರ್ಧ ಜನಕ್ಕೆ ಕಲಿಸಿದವನು. ಈಗ ಒಂದು ಹೊತ್ತು ಅನ್ನ ಬೇಯಿಸಿಕೊಂಡು, ಉಳಿದ ಹೊತ್ತೆಲ್ಲ ನೀರು ನೋಡುತ್ತ ಕೂತಿರುತ್ತಿದ್ದ.

ಒಂದು ಮಟಮಟ ಮಧ್ಯಾಹ್ನ ಅವನ ಶಿಷ್ಯ ಇರುಗಪ್ಪ ಬಂದ. ಕಾಳಗ ಗೆದ್ದು ಬಂದಿದ್ದ. ಗೆದ್ದವರ ನಡಿಗೆ ನಿಮಗೆ ಗೊತ್ತೇ ಇದೆ, ನೆಲಕ್ಕೆ ಉಪಕಾರ ಮಾಡುವವರ ಹಾಗೆ ಕಾಲಿಡುತ್ತಾರೆ.

ಅಡ್ಡಬಿದ್ದು, ಗುರುವಿನ ಮುಂದೆ ಒಂದು ಗಂಡಪೆಂಡೇರ ಇಟ್ಟ. ವೀರರ ಕಾಲಿಗೆ ತೊಡಿಸುವ ಚಿನ್ನದ ಕಡಗ ಅದು. ಬಿಸಿಲಿಗೆ ಥಳಥಳ ಹೊಳೆಯಿತು.

"ಅಯ್ಯಾ, ಹೊಳೆಯಾಚೆ ದಂಡನ್ನ ಓಡಿಸಿದ್ವಿ. ಅವರ ಮುಂದಾಳು ರಾವುತನನ್ನ ನಾನೇ ಕೆಡವಿದೆ. ನಾಯಕರು ಇದನ್ನ ಕೊಟ್ಟು, ನಿನ್ನ ಗುರುವಿನ ಕೈಯಿಂದ ತೊಡಿಸಿಕೊಂಡು ಬಾ ಅಂದರು. ತೊಡಿಸಿದರೆ ದಂಡಿನ ಕುದುರೆಗಳಿಗೆಲ್ಲ ನಾನೇ ಮುಖ್ಯ."

"ತೊಡಿಸದಿದ್ದರೆ?"

"ಗುರುವಿನ ಕೈ ಮುಟ್ಟದ ಕಡಗಕ್ಕೆ ಯಾವ ರಾವುತ ತಲೆಬಾಗ್ತಾನೆ? ನಗ್ತಾರೆ."

ಬಾಚಯ್ಯ ಕಡಗವನ್ನು ಎತ್ತಿ ನೋಡಿ, ಇದ್ದಲ್ಲೇ ಇಟ್ಟ.

"ನಾನು ಕಾಳಗ ನೋಡಿಲ್ಲವಲ್ಲಪ್ಪ. ನೋಡಿದವನು ತೊಡಿಸಲಿ."

"ದಂಡಿಗೆ ದಂಡೇ ನೋಡಿದೆ, ಅಯ್ಯಾ."

"ಎಲ್ಲರಿಗಿಂತ ಹತ್ತಿರದಿಂದ ನೋಡಿದವನೊಬ್ಬ ಇರ್ತಾನೆ. ಅವನು ತೊಡಿಸಲಿ."

"ಯಾರವನು?"

"ಅನ್ನ ಬೆಂದಿದೆ. ಕೈಕಾಲು ತೊಳೆದು ಬಾ. ಮೂರು ಎಲೆ ಹಾಕು."

ಇರುಗಪ್ಪ ಸುತ್ತ ನೋಡಿದ. ಮಂಟಪದಲ್ಲಿ ಇದ್ದವರು ಇಬ್ಬರೇ.

"ಮೂರನೇದು ಯಾರಿಗೆ?"

"ನಿನ್ನ ಜೊತೆ ಬಂದವನಿಗೆ."

"ನಾನು ಒಬ್ಬನೇ ಬಂದೆ."

"ನಿನ್ನ ಕುದುರೆ ಹಾಗನ್ನೋದಿಲ್ಲವಲ್ಲ."

ಇರುಗಪ್ಪ ತಿರುಗಿ ನೋಡಿದ. ಕುದುರೆ ಕಿವಿ ನಿಗುರಿಸಿಕೊಂಡು ಅವನ ಬೆನ್ನ ಹಿಂದಿನ ಬಯಲು ಜಾಗವನ್ನು ದಿಟ್ಟಿಸುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಮುದುಕನಿಗೆ ಅರಳುಮರಳು ಎಂದುಕೊಂಡು ಅವನು ಸುಮ್ಮನೆ ಮೂರು ಎಲೆ ಹಾಕಿದ.

ಬಾಚಯ್ಯನೇ ಬಡಿಸಿದ. ಮೂರನೆಯ ಎಲೆಗೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಹಾಕಿದ, ದೂರದಿಂದ ಬಂದ ನೆಂಟರಿಗೆ ಹಾಕುವ ಹಾಗೆ.

ಉಣ್ಣಲು ಕೂತರು. ಗಾಳಿಯಿಲ್ಲ. ಒಂದು ಹಕ್ಕಿಯ ಸದ್ದೂ ಇಲ್ಲ. ಇಬ್ಬರ ಎಲೆಯ ಅನ್ನದಿಂದ ಹಬೆ ಏಳುತ್ತಿತ್ತು, ಮೂರನೆಯ ಎಲೆಯದರಿಂದ ಏಳಲಿಲ್ಲ. ಒಂದೇ ಗಡಿಗೆಯ ಅನ್ನ.

ಇರುಗಪ್ಪ ಅದನ್ನು ಕಂಡೂ ಕಾಣದವನ ಹಾಗೆ ತುತ್ತು ಕಲಸಿದ.

"ಅವನು ಯಾಕೆ ಉಣ್ತಿಲ್ಲ, ಗೊತ್ತೇ?" ಎಂದು ಬಾಚಯ್ಯ ಕೇಳಿದ.

"ಅಲ್ಲಿ ಯಾರೂ ಇಲ್ಲವಲ್ಲ ಅಯ್ಯಾ."

"ಬಾಯಲ್ಲಿ ಹುಲ್ಲಿದೆ. ಹೇಗೆ ಉಂಡಾನು?"

ಇರುಗಪ್ಪನ ತುತ್ತು ಕೈಯಲ್ಲೇ ಉಳಿಯಿತು.

ರಾವುತರಲ್ಲಿ ಒಂದು ನೇಮವಿತ್ತು. ಸೋತವನಿಗೆ ಜೀವ ಬೇಕಾದರೆ ಕತ್ತಿ ಕೆಳಗಿಟ್ಟು, ನೆಲದ ಹುಲ್ಲು ಕಿತ್ತು ಬಾಯಲ್ಲಿ ಕಚ್ಚಬೇಕು. ನಾನು ನಿನ್ನ ಹಸು, ಕೊಲ್ಲಬೇಡ ಎಂದು ಅದರ ಅರ್ಥ. ಗೆದ್ದವನು ಕುದುರೆಯಿಂದ ಇಳಿದು, ತನ್ನ ಕೈಯಿಂದಲೇ ಆ ಹುಲ್ಲು ತೆಗೆದು, ಅಭಯ ಎನ್ನಬೇಕು. ಅಲ್ಲಿಯವರೆಗೆ ಸೋತವನು ಹುಲ್ಲು ಉಗುಳುವಂತಿಲ್ಲ, ಮಾತಾಡುವಂತಿಲ್ಲ. ಇದನ್ನೆಲ್ಲ ಇರುಗಪ್ಪನಿಗೆ ಕಲಿಸಿದವನು ಬಾಚಯ್ಯನೇ.

"ಯಾರು ಬಂದು ಚಾಡಿ ಹೇಳಿದರು ನಿಮಗೆ?" ಎಂದ ಇರುಗಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಯಾರೂ ಹೇಳಿಲ್ಲ. ಎದುರಿಗೇ ಕೂತಿದ್ದಾನಲ್ಲ."

"ಅಯ್ಯಾ, ನಾನು ನೇಮ ಮೀರಿಲ್ಲ. ಅವನು ಹುಲ್ಲು ಕಚ್ಚಿದ್ದು ನಿಜ. ಆದರೆ ಕೈಯಲ್ಲಿ ಕತ್ತಿ ಇತ್ತು. ಹುಲ್ಲು ಕಚ್ಚಿ, ಕತ್ತಿ ಕೆಳಗಿಟ್ಟವನಿಗೆ ಅಭಯ ಅಂತ ನೀವೇ ಅಲ್ಲವೇ ಕಲಿಸಿದ್ದು? ಪರಂಗಿ ದೇಶದ ರಾವುತರಲ್ಲೂ ಹಾಗೇ ಅಂತೆ. ಸೋತವನ ಕತ್ತಿ ನೆಲ ಮುಟ್ಟೋವರೆಗೂ ಹೊಡೆಯಬಹುದಂತೆ. ಕುದುರೆ ಮಾರೋಕೆ ಬಂದ ಪರಂಗಿಯವನೇ ಹೇಳಿದ."

"ಕತ್ತಿ ನೆಲ ಮುಟ್ಟಿದ ಮೇಲೆ ಅವರು ಏನು ಮಾಡ್ತಾರಂತೆ?"

"ಅದನ್ನ ಕೇಳಲಿಲ್ಲ."

"ನಿನಗೆ ಬೇಕಾದಷ್ಟು ಕೇಳಿಕೊಂಡು ಬಂದೆ. ಜಾಣ. ಎಲ್ಲಿ, ಬಲಗೈ ತೋರಿಸು."

ಇರುಗಪ್ಪ ಎಂಜಲು ಕೈಯನ್ನೇ ಚಾಚಿದ. ಮಣಿಕಟ್ಟಿನ ಸುತ್ತ ಚರ್ಮ ಸವೆದು ಬೆಳ್ಳಗಾಗಿತ್ತು. ಓಡುವ ಕುದುರೆಯ ಮೇಲೆ ಕತ್ತಿ ಜಾರಿ ಬೀಳಬಾರದೆಂದು ರಾವುತರು ಅದರ ಹಿಡಿಯನ್ನು ತೊಗಲಿನ ಪಟ್ಟಿಯಿಂದ ಮಣಿಕಟ್ಟಿಗೆ ಬಿಗಿದುಕೊಳ್ಳುತ್ತಾರೆ.

"ಕಾಳಗದ ನಡುವೆ, ಬೆವರಿಗೆ ನೆನೆದ ಆ ಗಂಟನ್ನ ಒಂದೇ ಕೈಯಲ್ಲಿ ಬಿಚ್ಚೋದಕ್ಕೆ ನಿನಗಾಗುತ್ತೋ?"

"ಆಗೋದಿಲ್ಲ."

"ಅವನಿಗೆ?"

ಇರುಗಪ್ಪ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಅವನ ಬೆರಳು ಹಿಡಿ ಬಿಟ್ಟಿದ್ದವೇ?"

"ಬಿಟ್ಟಿದ್ದವು."

"ಕತ್ತಿ ಸುಮ್ಮನೆ ಜೋತಾಡ್ತಿತ್ತೇ?"

"ಹೌದು ಅಯ್ಯಾ. ನೋಡಿದೆ. ಎಲ್ಲ ನೋಡಿದೆ. ಮೊಣಕಾಲೂರಿ ಕೂತಿದ್ದ. ಕತ್ತಿ ಇದೆಯಲ್ಲ, ಕತ್ತಿ ಇದೆಯಲ್ಲ ಅಂದುಕೊಂಡೆ. ಅವನನ್ನ ಬಿಟ್ಟಿದ್ದರೆ ಈ ಕಡಗ ಬೇರೆಯವನ ಕಾಲಿಗೆ ಹೋಗ್ತಿತ್ತು. ಕುದುರೆ ಮೇಲಿಂದಲೇ ಹೊಡೆದೆ."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಮರುಕ್ಷಣ ಹೆದರಿಕೆಯಾಯಿತು. ಮೂರನೆಯ ಎಲೆಯ ಹಿಂದೆ, ನೆಲದ ಧೂಳಿನಲ್ಲಿ, ಯಾರೋ ಎರಡು ಮೊಣಕಾಲು ಊರಿದ ಗುರುತು ಮೂಡಿತ್ತು. ಕಿತ್ತ ಹಸಿ ಹುಲ್ಲಿನ ವಾಸನೆ ಮಂಟಪದ ತುಂಬ ಹರಡಿತು.

"ಈಗ ನಾನೇನು ಮಾಡಲಿ, ಅಯ್ಯಾ?"

"ಕುದುರೆಯಿಂದ ಇಳಿ."

"ಆಗಲೇ ಇಳಿದೆನಲ್ಲ."

"ಇಳಿದಿಲ್ಲ."

ಇರುಗಪ್ಪ ಎದ್ದು ಮೂರನೆಯ ಎಲೆಯ ಎದುರು ಬಂದು, ಧೂಳಿನ ಗುರುತುಗಳಿಗೆ ಸಮನಾಗಿ ತಾನೂ ಮೊಣಕಾಲೂರಿದ.

"ಬಾಯಿ ಎಲ್ಲಿದೆ? ಕಾಣಿಸ್ತಿಲ್ಲ."

"ಅವತ್ತು ಕಂಡಿತ್ತಲ್ಲ. ಅಲ್ಲೇ ಇದೆ."

ಅವನು ಕೈ ಚಾಚಿದ. ಬರೀ ಬಿಸಿಲು. ಇನ್ನೂ ಸ್ವಲ್ಪ ಚಾಚಿದ. ಬೆರಳಿಗೆ ತಣ್ಣಗಿನದೇನೋ ತಗಲಿತು. ಹಲ್ಲು. ಹಲ್ಲುಗಳ ನಡುವೆ ಒದ್ದೆ ಹುಲ್ಲಿನ ಎಸಳು.

ಕೂಗಿ ಓಡಿಹೋಗಬೇಕೆನಿಸಿತು. ಓಡಲಿಲ್ಲ, ಮೆಲ್ಲಗೆ ಎಳೆದ. ಹಲ್ಲು ಇನ್ನಷ್ಟು ಬಿಗಿಯಾಯಿತು.

"ಬಿಡ್ತಿಲ್ಲ, ಅಯ್ಯಾ!"

"ಹೇಗೆ ಬಿಟ್ಟಾನು? ಅವನು ನೇಮದ ಮನುಷ್ಯ. ಹೇಳಬೇಕಾದ್ದನ್ನ ನೀನು ಇನ್ನೂ ಹೇಳಿಲ್ಲ."

ಇರುಗಪ್ಪ ಬಾಯಿ ತೆರೆದ.

"ಅಭಯ."

ಹಲ್ಲು ಸಡಿಲವಾಯಿತು. ಹುಲ್ಲು ಅವನ ಕೈಗೆ ಬಂತು. ಒಂದು ಹಿಡಿ ಗರಿಕೆ, ಬೇರಿನಲ್ಲಿ ಇನ್ನೂ ಹಸಿ ಮಣ್ಣು.

ಅವನ ಮುಖದ ಹತ್ತಿರದಲ್ಲೇ, ಬಹಳ ಹೊತ್ತು ಮಾತಾಡದವನ ಗಂಟಲಿನಿಂದ ದನಿ ಬಂತು. "ಹೊನ್ನಗ. ಮಾಳದಹಳ್ಳಿ ಹೊನ್ನಗ."

ಅಭಯ ಸಿಕ್ಕವನು ಮೊದಲು ಹೇಳಬೇಕಾದ್ದು ತನ್ನ ಹೆಸರು, ಊರು. ಅದೂ ನೇಮವೇ. ತಾನು ಕೊಂದವನ ಹೆಸರು ಇರುಗಪ್ಪನಿಗೆ ಅಲ್ಲಿಯತನಕ ಗೊತ್ತಿರಲಿಲ್ಲ, ಕೇಳಬೇಕೆಂದು ಅನಿಸಿಯೂ ಇರಲಿಲ್ಲ. ಅವನು ಬಿಕ್ಕಿ ಬಿಕ್ಕಿ ಅತ್ತ.

ಎಲೆಯ ಮೇಲಿನ ಅನ್ನದಲ್ಲಿ ಬೆರಳ ಗುರುತು ಬಿತ್ತು. ಅನ್ನ ಒಂದು ಮೂಲೆಯಿಂದ ಕರಗುತ್ತ ಬಂತು. ಹಸಿದವನ ಊಟ, ಅವಸರದ್ದು. ಬಾಚಯ್ಯ ಎದ್ದು ಇನ್ನೊಂದು ಸೌಟು ಬಡಿಸಿದ. ಅದೂ ಮುಗಿಯಿತು. ಕೊನೆಗೆ ಎಲೆ ತಾನೇ ಮಡಿಸಿಕೊಂಡಿತು.

ಧೂಳಿನ ಗುರುತುಗಳ ಮೇಲೆ ಗಾಳಿ ಆಡಿತು. ಎಲ್ಲಿಂದಲೋ ಒಂದು ಹಕ್ಕಿ ಕೂಗಿತು.

ಇರುಗಪ್ಪ ಕಣ್ಣೊರೆಸಿಕೊಂಡು ಕಡಗವನ್ನು ವಸ್ತ್ರದಲ್ಲಿ ಸುತ್ತಿದ.

"ಇದು ನನಗೆ ಬೇಡ. ನಾಯಕರಿಗೆ ವಾಪಸು ಕೊಟ್ಟು, ನಡೆದದ್ದನ್ನ ನಡೆದ ಹಾಗೇ ಹೇಳ್ತೀನಿ. ನಗೋರು ನಗಲಿ."

ಬಾಚಯ್ಯ ಗಡಿಗೆ ಎತ್ತಿಕೊಂಡು ತೊಳೆಯಲು ನೀರಿನ ಹತ್ತಿರ ಹೋದ.

ಇರುಗಪ್ಪನಿಗೆ ಮೈ ಹಗುರಾಗಿತ್ತು. ಎಷ್ಟೋ ದಿನದ ಮೇಲೆ ಎದೆ ತುಂಬ ಉಸಿರು ಎಳೆದುಕೊಂಡ. ಹೊರಡುವ ಮೊದಲು ಗುರುವಿನ ಪಾದ ಮುಟ್ಟಿ, ಮನಸ್ಸು ತಡೆಯದೆ ಕೇಳಿದ:

"ಅವನು ಹೋದ ಅಲ್ಲವೇ, ಅಯ್ಯಾ? ಇನ್ನು ನನ್ನ ಹಿಂದೆ ಬರೋದಿಲ್ಲ ಅಲ್ಲವೇ?"

ಬಾಚಯ್ಯ ಗಡಿಗೆಯ ತಳ ಉಜ್ಜುತ್ತಲೇ ಹೇಳಿದ:

"ಅಭಯ ಕೊಟ್ಟೆಯಲ್ಲಪ್ಪ. ಶರಣು ಬಂದವನಿಗೆ ಅವನು ಸಾಯೋವರೆಗೂ ಅನ್ನ ಹಾಕೋದು ಕೊಟ್ಟವನ ಹೊಣೆ. ಇವನು ಇನ್ನು ಸಾಯೋದಿಲ್ಲ."