ಅಂಗಡಿ ಅಂಗಳದ ಬಿಳಿ ಗೆರೆ

ಸರ್ವಮಂಗಳಮ್ಮನವರ ಹಳೆಯ ದಿನಚರಿಯಲ್ಲಿ 2004ನೆಯ ಇಸವಿ ಫೆಬ್ರವರಿ 16, ಸೋಮವಾರದ ಪುಟಕ್ಕೆ ಒಂದೇ ಪ್ರಶ್ನೆ ಇದೆ: ‘ಇಬ್ಬರಲ್ಲಿ ಯಾರು ಬಿಟ್ಟುಕೊಡಬೇಕು?’

ಅಂದು ಅವರು ಮಠಕ್ಕೆ ಹೋಗಿ ಆ ಪ್ರಶ್ನೆಯನ್ನು ಗುರುಗಳ ಮುಂದೆ ಇಟ್ಟರು. ಮನೆಯಲ್ಲಿ ಇಬ್ಬರು ಸೊಸೆಯರು, ಒಂದೇ ಒಲೆ. ಗಣಿತದಲ್ಲಿ ಪದವಿ ಪಡೆದ ಅತ್ತೆ ಬೆಳಗಿನ ಹೊತ್ತನ್ನು ಹಂಚಿ ಗೋಡೆಗೆ ಪಟ್ಟಿ ಅಂಟಿಸಿದ್ದರು. ಆರರಿಂದ ಏಳೂವರೆ ಹಿರಿಯ ಸೊಸೆ, ಏಳೂವರೆಯಿಂದ ಒಂಬತ್ತು ಕಿರಿಯ ಸೊಸೆ, ಒಂಬತ್ತರಿಂದ ಹತ್ತು ತಾವು. ಒಂದು ನಿಮಿಷವೂ ಪೋಲಾಗದ ಪಟ್ಟಿ. ಯಾರೂ ಅದನ್ನು ಮೀರಿರಲಿಲ್ಲ. ಆದರೆ ಹಿರಿಯವಳು ಸಾರಿನ ಪಾತ್ರೆ ಇಳಿಸುವ ಮೊದಲೇ ಕಿರಿಯವಳು ಬಾಣಲೆ ಹಿಡಿದು ಬೆನ್ನ ಹಿಂದೆ ನಿಂತಿರುತ್ತಿದ್ದಳು. ಮೊಣಕೈಗೆ ಮೊಣಕೈ ತಾಗುತ್ತಿತ್ತು. ಮೊದಲು ಮಾತು ನಿಂತಿತು. ಈಗ ಇಬ್ಬರೂ ಬೇರೆ ಒಲೆ ಕೇಳುತ್ತಿದ್ದರು. ಒಲೆ ಎರಡಾದರೆ ಮನೆಯೂ ಎರಡಾದಂತೆಯೇ ಎಂದು ಸರ್ವಮಂಗಳಮ್ಮನವರಿಗೆ ಭಯ.

“ಇಬ್ಬರಿಗೂ ಸಮನಾಗಿಯೇ ಹಂಚಿದ್ದೇನೆ, ಬುದ್ಧಿ. ಯಾರು ಹಿಂದೆ ಸರಿಯಬೇಕು ಅಂತ ತಾವು ಹೇಳಿಬಿಡಿ. ಅವಳಿಗೆ ನಾನು ಹೇಳಿಕೊಳ್ಳುತ್ತೇನೆ.”

“ಪಟ್ಟಿ ತಂದಿದ್ದೀರಾ, ತಾಯಿ?”

“ತಂದಿದ್ದೇನೆ.”

“ತಂದಿರುತ್ತೀರಿ ಅಂದುಕೊಂಡೆ,” ಎಂದು ಗುರುಗಳು ನಕ್ಕು, ಕತೆ ಶುರು ಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿ ಒಂದು ಕಾಂಪ್ಲೆಕ್ಸ್ ಕಟ್ಟಿಸಿದ್ದ. ಒಂದು ಅಂಗಡಿ ಅವನದು, ಉಳಿದವು ಬಾಡಿಗೆಗೆ. ಮುಂದಿನ ಅಂಗಳದಲ್ಲಿ ಮೂವತ್ತೆರಡು ಕಾರು ನಿಲ್ಲುವಂತೆ ಬಿಳಿ ಗೆರೆ ಎಳೆಸಿದ್ದ. ಕಾಲ ಕಳೆದಂತೆ ಗೆರೆ ಮಾಸಿತು. ಮತ್ತೆ ಎಳೆಸಲು ಹೊರಟಾಗ, ಗಾಡಿ ಗಾಡಿಯ ನಡುವೆ ಇಷ್ಟು ಜಾಗ ದಂಡವಾಗುತ್ತಿದೆಯಲ್ಲ ಎಂದು ಅವನಿಗೆ ಅನಿಸಿತು. ಅಂಗುಲ ಬಟ್ಟೆ ಪೋಲಾದರೂ ಊಟ ಸೇರದ ಮನುಷ್ಯ ಅವನು. ಅಂಗಡಿಗೆ ರಜೆ ಇದ್ದ ದಿನ ತನ್ನ ಕಾರನ್ನು ಖಾಲಿ ಅಂಗಳದಲ್ಲಿ ನಿಲ್ಲಿಸಿ, ಬಾಗಿಲುಗಳನ್ನೆಲ್ಲ ಹಾಕಿ, ಬಟ್ಟೆ ಅಳೆಯುವ ಕಡ್ಡಿ ಹಿಡಿದು ತಾನೇ ಅಳೆದ. ಎರಡು ಪಕ್ಕಕ್ಕೂ ನಾಲ್ಕು ನಾಲ್ಕು ಬೆರಳು ಸೇರಿಸಿದ. ಮೂವತ್ತೆರಡು ಇದ್ದದ್ದು ನಲವತ್ತಾಯಿತು. ಅವತ್ತು ಅವನು ಬಹಳ ಸಂತೋಷವಾಗಿ ಮನೆಗೆ ಹೋದ.

ಮರುದಿನದಿಂದ ಅಂಗಳದಲ್ಲಿ ಜಗಳ ಹುಟ್ಟಿತು. ಕಾರುಗಳು ಗೆರೆಯ ಒಳಗೇ ಇರುತ್ತಿದ್ದವು. ಬಾಗಿಲು ತೆಗೆದರೆ ಪಕ್ಕದ ಕಾರಿಗೆ ಬಡಿಯುತ್ತಿತ್ತು. ನಾನು ಗೆರೆ ದಾಟಿಲ್ಲ ಎಂದು ಇವನು, ನಾನೂ ದಾಟಿಲ್ಲ ಎಂದು ಅವನು. ಇಬ್ಬರ ಮಾತೂ ನಿಜ. ವ್ಯಾಪಾರಿ ‘ಹೊಂದಿಕೊಂಡು ಹೋಗಿ’ ಎಂದು ಒಂದು ಫಲಕ ಬರೆಸಿ ನಿಲ್ಲಿಸಿದ. ಅದಕ್ಕೂ ಒಂದು ಕಾರು ತಾಗಿತು. ಗಿರಾಕಿಗಳು ಬೇರೆ ಬೀದಿಗೆ ತಿರುಗಿದರು. ಬಾಡಿಗೆಯವರು ಬೇರೆ ಅಂಗಡಿ ಹುಡುಕತೊಡಗಿದರು.

ಒಂದು ಬೆಳಿಗ್ಗೆ ವ್ಯಾಪಾರಿಯೇ ಎರಡು ಕಾರುಗಳ ನಡುವೆ ತನ್ನ ಕಾರನ್ನು ತಂದು ನಿಲ್ಲಿಸಿದ. ಬಾಗಿಲು ಎಂಟು ಬೆರಳು ತೆರೆದು ನಿಂತಿತು. ಆಚೆ ಬದಿಯದೂ ಅಷ್ಟೇ. ಹಿಂದಕ್ಕೆ ತೆಗೆಯೋಣವೆಂದರೆ ಅಷ್ಟರಲ್ಲಿ ಸರಕಿನ ಗಾಡಿಯೊಂದು ಬಂದು ಅಡ್ಡ ನಿಂತಿತ್ತು. ತನ್ನ ಅಂಗಡಿಯ ಎದುರಿಗೇ ಅವನು ಸುಮ್ಮನೆ ಕೂತ.

ಮೂಲೆ ಅಂಗಡಿಯಲ್ಲಿ ಬಾಡಿಗೆಗೆ ಇದ್ದ ಮುದಿ ದರ್ಜಿ ಅವನ ಹಳೆಯ ಸ್ನೇಹಿತ. ನೋಡಿ, ಹತ್ತಿರ ಬಂದು, ಕಾರಿನ ಮುಂದೆ ಕೈಕಟ್ಟಿ ನಿಂತ.

“ಏನು ಸಾಹುಕಾರ್ರೇ, ವ್ಯಾಪಾರ ಇವತ್ತು ಅಲ್ಲಿಂದಲೇನೋ?”

“ನಗಬೇಡ ಕಣಯ್ಯ. ಪಕ್ಕದವನಿಗೆ ಗಾಡಿ ತೆಗೆಯೋಕೆ ಹೇಳು.”

“ಅವನೂ ನೀವು ಎಳೆಸಿದ ಗೆರೆ ಒಳಗೇ ಇದ್ದಾನೆ. ಏನಂತ ಹೇಳಲಿ?”

“ಅಳತೆ ನಾನೇ ಹಿಡಿದದ್ದು. ಕೂದಲೆಳೆಯಷ್ಟೂ ತಪ್ಪಿಲ್ಲ.”

“ಎಲ್ಲಿ ತಪ್ಪಿದೆ? ಮೈಗೆ ಎಷ್ಟೋ ಅಷ್ಟೇ ಕತ್ತರಿಸಿದ್ದೀರಿ. ಹೊಲಿಗೆಗೆ ಅಂತ ಎರಡು ಬೆರಳು ಒಳಗೆ ಬಿಡ್ತೀವಲ್ಲ, ಅದನ್ನ ಬಿಟ್ಟಿಲ್ಲ. ಅಂಥ ಅಂಗಿ ಹಾಕಿಕೊಂಡು ನಿಲ್ಲಬಹುದು, ಸಾಹುಕಾರ್ರೇ. ಕೈ ಎತ್ತಬಾರದು ಅಷ್ಟೇ.”

ವ್ಯಾಪಾರಿಗೆ ಮೊದಲು ಸಿಟ್ಟು ಬಂತು. ಇಳಿದು ಹೋಗಲು ದಾರಿ ಇಲ್ಲದ್ದರಿಂದ ಯೋಚನೆ ಬಂತು. ಸರಕಿನ ಗಾಡಿ ಹೋದ ಮೇಲೆ ಕಾರನ್ನು ಹಿಂದಕ್ಕೆ ತೆಗೆದು ಇಳಿದವನು ಅಳತೆಯ ಕಡ್ಡಿಯನ್ನು ದರ್ಜಿಯ ಕೈಗೇ ಕೊಟ್ಟ.

ದರ್ಜಿ ಕಾರಿನ ಬಾಗಿಲುಗಳನ್ನು ತೆರೆಸಿದ. ವ್ಯಾಪಾರಿಯ ಹೆಂಡತಿಯನ್ನು ಕರೆಸಿ, ಬಟ್ಟೆಗಂಟಿನ ಸಮೇತ ಒಳಗೆ ಕೂರಿಸಿದ. ಆಕೆ ಸೆರಗು ಸರಿಮಾಡಿಕೊಂಡು, ಗಂಟು ಎತ್ತಿಕೊಂಡು, ಗಂಡನಿಗೆ ನಾಲ್ಕು ಮಾತು ಅನ್ನುತ್ತಾ ನಿಧಾನವಾಗಿ ಇಳಿದಳು. ಆಮೇಲೆ ಅಳೆದ. ಕಾರು ಕಾರಿನ ನಡುವೆ ಒಂದು ಗೆರೆ ಇದ್ದ ಕಡೆ ಈಗ ಎರಡು ಗೆರೆ ಬಂದವು. ಆ ಎರಡು ಗೆರೆಗಳ ನಡುವಿನ ಜಾಗ ಈಚೆಯವನದೂ ಅಲ್ಲ, ಆಚೆಯವನದೂ ಅಲ್ಲ. ಯಾರು ಇಳಿಯುತ್ತಾರೋ ಅವರದು. ಅಂಗಳದಲ್ಲಿ ಮತ್ತೆ ಮೂವತ್ತೆರಡೇ ಕಾರು ನಿಂತವು. ಬಾಡಿಗೆಯವರು ಉಳಿದರು.

ಗುರುಗಳು ಕತೆ ನಿಲ್ಲಿಸಿದರು. ಸರ್ವಮಂಗಳಮ್ಮ ಪಟ್ಟಿಯನ್ನು ಬಿಚ್ಚಿ ಬಹಳ ಹೊತ್ತು ನೋಡಿದರು.

“ಸರಿ ಬುದ್ಧಿ, ನಡುವೆ ಕಾಲು ಗಂಟೆ ಬಿಡುತ್ತೇನೆ. ಅದನ್ನು ಹಿರಿಯವಳ ಹೊತ್ತಿನಲ್ಲಿ ಕಳೆಯಲೋ, ಕಿರಿಯವಳದರಲ್ಲೋ?”

ಗುರುಗಳು ಪಟ್ಟಿಯನ್ನು ಮಡಿಸಿ ಅವರ ಮುಂದಿಟ್ಟರು. ಲೆಕ್ಕ ಪೂರ್ತಿಯಾಗದೆ ಏಳುವ ಅಭ್ಯಾಸ ಸರ್ವಮಂಗಳಮ್ಮನವರಿಗೆ ಇರಲಿಲ್ಲ. ಮತ್ತೆ ಕೇಳಿದರು.

“ಹೋಗಲಿ, ಕೊನೆಗೆ ಅದಕ್ಕೆಲ್ಲ ಎಷ್ಟು ಖರ್ಚು ಬಿತ್ತು?”

“ಎರಡು ಡಬ್ಬಿ ಬಿಳಿ ಬಣ್ಣ, ಹಳೆಯ ಗೆರೆ ಮುಚ್ಚಲು ಒಂದು ಡಬ್ಬಿ ಕಪ್ಪು, ಎಂಟು ಗಾಡಿಯ ಜಾಗ; ಅಷ್ಟನ್ನೂ ಬಿಟ್ಟುಕೊಟ್ಟವನು ಅಂಗಳದ ಯಜಮಾನ, ತಾಯಿ, ಪಕ್ಕಪಕ್ಕ ನಿಂತವರಲ್ಲ.”