ಮೊದಲ ಬಲೆ

ರಾಜಧಾನಿಯಿಂದ ಬಂದ ಮೀನುಗಾರಿಕೆ ಸಾಹೇಬರು ಹೊಳೆದಂಡೆಯಲ್ಲಿ ನಿಂತು ಆದೇಶವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಆಮೇಲೆ ಗುಡುಗಿದರು: "ಇವತ್ತಿಂದ ಮೀನು ಹಿಡೀಬಹುದು. ಇನ್ನೂ ಬೇಡ ಅನ್ನೋಕೆ ನಿಮ್ಮೂರಿನವರು ಯಾರು? ಬಾಯಿಮಾತಿನ ಕಾನೂನು ನಡೆಯಲ್ಲ!"

ಅಂಬಿಗರ ಹುಲಿಗೆವ್ವನಿಗೆ ಗೊತ್ತಿತ್ತು. ಈ ವರ್ಷ ಮಳೆ ತಡ, ಮೀನು ಇನ್ನೂ ಮೊಟ್ಟೆ ಇಟ್ಟಿಲ್ಲ. ಈಗ ಬಲೆ ಬಿದ್ದರೆ ಬರುವ ವರ್ಷ ಹೊಳೆಯಲ್ಲಿ ಬರೀ ನೀರು. ಹೊರಗಿನವರ ದೋಣಿಗಳು ಆಗಲೇ ಬಂದು ಕಾದಿದ್ದವು.

ಆಕೆ ಕೈಮುಗಿದಳು. "ಆಗ್ಲಿ ಬಿಡ್ರಿ ಸಾಹೇಬ್ರ. ಆದ್ರ ನಮ್ಮಲ್ಲಿ ಒಂದು ಪದ್ಧತಿ ಐತಿ. ಹೊಳಿ ತೆರಿಯೋರು ತಾವ ಮೊದಲ ಬಲೆ ಬೀಸಬೇಕು, ಮೊದಲ ಮೀನು ಎಲ್ಲಾರ ಮುಂದ ಕೊಯ್ಯಬೇಕು. ಇಷ್ಟು ದಿನ ಊರ ಹಿರೇರು ಮಾಡ್ತಿದ್ರು. ಈಗ ಹಿರೇರು ನೀವ."

ಸಾಹೇಬರು ಉಬ್ಬಿಹೋದರು. ಪ್ಯಾಂಟು ಮಡಚಿ ನೀರಿಗಿಳಿದರು. ಮೂರನೇ ಸಲ ಬೀಸಿದಾಗ ತೋಳುದ್ದದ ಮೀನೊಂದು ಸಿಕ್ಕಿತು. ಅದನ್ನು ಎತ್ತಿ ಹಿಡಿದು, ಜೀಪಿನ ಡ್ರೈವರನಿಂದ ಫೋಟೋ ಹೊಡೆಸಿಕೊಂಡರು. ಹುಲಿಗೆವ್ವ ಚಾಕು ಕೊಟ್ಟಳು. ಹೊಟ್ಟೆ ಸೀಳಿದರೆ ಬೊಗಸೆ ತುಂಬ ಮೊಟ್ಟೆ!

"ನಿಮ್ಮ ಆದೇಶದ ಕೊನೀ ಸಾಲು ಇನ್ನೊಮ್ಮೆ ಓದ್ರಿ," ಎಂದಳು.

ಸಾಹೇಬರ ದನಿ ಇಳಿಯಿತು. "ಮೊಟ್ಟೆ ತುಂಬಿದ ಮೀನು ಹಿಡಿದವರಿಗೆ... ಆರು ತಿಂಗಳು ಜೈಲು."

"ಡ್ರೈವರಣ್ಣನ ಹತ್ರ ಫೋಟೋನೂ ಐತ್ರಿ."

ಸಾಹೇಬರು ಬೆವರು ಒರೆಸಿಕೊಂಡರು. "ಆಯ್ತಮ್ಮಾ, ನೀವು ಹೇಳೋವರೆಗೂ ಹೊಳೆ ಬಂದ್!"

ಹುಲಿಗೆವ್ವ ಅವರ ಕೈಯಲ್ಲಿದ್ದ ಆದೇಶವನ್ನು ಮೆಲ್ಲಗೆ ಮಗುಚಿ, ಖಾಲಿ ಬದಿಯನ್ನು ತೋರಿಸಿದಳು.

"ಬಾಯಿಮಾತು ನಡೆಯಲ್ಲ ಅಂತ ನೀವ ಅಂದ್ರಲ್ಲ ಸಾಹೇಬ್ರ. ಬರದು ಕೊಡ್ರಿ."