ಮೆಟ್ಟಿಲಾದ ಬೋರ್ಡು

ನಗರದ ಪುಷ್ಪವಿಲಾಸ ಹೋಟೆಲು ಮುಚ್ಚಿ ನಾಟಕಮಂದಿರವಾಯಿತು. ಊಟದ ಹಾಲಿನಲ್ಲಿ ರಂಗ ಎದ್ದಿತು, ಅಡುಗೆಮನೆ ನಟರು ವೇಷ ಹಾಕುವ ಬಣ್ಣದ ಮನೆಯಾಯಿತು. ಹೋಟೆಲಿನ ಹೆಸರು ಹೊತ್ತ ತೇಗದ ಬೋರ್ಡು ಮಾತ್ರ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿತ್ತು.

"ನಲವತ್ತು ವರ್ಷ ಬಾಗಿಲ ಮೇಲೆ ಮೆರೆದವನು ನಾನು. ಈ ಬಣ್ಣದವರ ಚಾಕರಿ ಮಾಡೋಕೆ ನಿನಗೆ ನಾಚಿಕೆಯಾಗುವುದಿಲ್ಲವೇ?" ಎಂದು ಅದು ಗಲ್ಲಾದ ಮೇಲಿದ್ದ ಹಳೆಯ ಹಿತ್ತಾಳೆ ಗಂಟೆಯನ್ನು ಕೇಳಿತು.

"ನಾಚಿಕೆ ಯಾಕೆ? ಅಂದು ನಾನು ಟಣ್ ಎಂದರೆ ಒಬ್ಬ ಮಾಣಿ ಎದ್ದು ಓಡುತ್ತಿದ್ದ. ಇಂದು ನಾಟಕಕ್ಕೆ ಮುಂಚೆ ಮೂರನೇ ಸಲ ಟಣ್ ಎಂದರೆ ಮುನ್ನೂರು ಜನ ಉಸಿರು ಬಿಗಿಹಿಡಿದು ಕೂರುತ್ತಾರೆ," ಎಂದಿತು ಗಂಟೆ.

ಅಷ್ಟರಲ್ಲಿ ಬಡಗಿ ಮೌನೇಶಾಚಾರಿ ಬಂದು ಬೋರ್ಡನ್ನು ತಟ್ಟಿ ನೋಡಿದ. "ಇಂಥ ತೇಗ ಈಗೆಲ್ಲಿ ಸಿಗುತ್ತೆ?" ಎನ್ನುತ್ತ, ಹೆಸರು ಮೇಲ್ಮುಖವಾಗಿ ಕಾಣುವಂತೆ ಅದನ್ನು ರಂಗದ ಮೆಟ್ಟಿಲಿಗೆ ಜಡಿದ.

"ಅಯ್ಯೋ, ಇನ್ನು ಕಂಡಕಂಡವರೆಲ್ಲ ನನ್ನನ್ನು ತುಳಿಯುತ್ತಾರೆ!" ಎಂದು ಬೋರ್ಡು ಗೋಳಾಡಿತು.

ಸಂಜೆ ಗಂಟೆ ಮೂರನೇ ಸಲ ಟಣ್ ಎಂದಿತು. ರಾಣಿಯ ವೇಷದ ಜಲಜಾಕ್ಷಿ ಬರಿಗಾಲಲ್ಲಿ ಬಂದಳು. ಕಿರೀಟ ಬೀಳದಂತೆ ಹಿಡಿದು ಬಾಗಿ, ಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೇ ಹೆಜ್ಜೆ ಇಟ್ಟಳು. ಅವಳ ಹಿಂದೆ ಮಂತ್ರಿ ಬಾಗಿದ, ಸೇನಾಪತಿ ಬಾಗಿದ, ಮಾತೇ ಇಲ್ಲದ ಕಾವಲುಗಾರನೂ ಬಾಗಿದ.

ನಾಟಕ ಮುಗಿದ ಮೇಲೆ ಗಂಟೆ ಕೇಳಿತು: "ಏನಯ್ಯಾ, ತುಳಿದರೇ?"

"ತುಳಿದರು. ಆದರೆ ನಲವತ್ತು ವರ್ಷ ನನ್ನನ್ನು ತಲೆಯೆತ್ತಿ ಓದಿದವರಲ್ಲಿ ಒಬ್ಬರೂ ಕೈಮುಗಿದಿರಲಿಲ್ಲ," ಎಂದಿತು ಬೋರ್ಡು. ಆಮೇಲೆ ಕೇಳಿತು: "ನಾಳೆ ನಾಟಕ ಎಷ್ಟೊತ್ತಿಗೆ?"